ತೆಪ್ಪಕ್ಕೆ ಡಾಂಬರು ಬಳಿಯುವ ಕ್ರಮ

(ಹೊಳೆದಂಡೆಯ ಗ್ರಾಮವೊಂದರ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಾಫಿ ಕುಯ್ಲು ಮುಗಿಯಿತು, ಹೂಮಳೆಯೂ ಬಂದು ಹೋಯಿತು. ಮುಂಗಾರಿಗೆ ಮೊದಲು ಸ್ವಲ್ಪ ಬಿಡುವು ಸಿಗುವ ಕಾಲವಿದು. ಕೊಟ್ಟಿಗೆಯ ಹಿಂದೆ ಕವುಚಿಟ್ಟ ತೆಪ್ಪವನ್ನು ಈಗಲೇ ಹೊರಗೆ ತೆಗೆಯಿರಿ. ಕಕ್ಕಡದ ಜಡಿಮಳೆಯಲ್ಲಿ ಡಾಂಬರು ಬಳಿದು ಪ್ರಯೋಜನವಿಲ್ಲ.

ಪೆಟ್ಟು ತಿಂದು ಕಲಿತ ಮಾತನ್ನು ಹೇಳುತ್ತಿದ್ದೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಹೊಳೆಯಾಚೆಯ ಗದ್ದೆಗೆ ಯೂರಿಯಾ ಸಾಗಿಸಲು ರೈತರೊಬ್ಬರೊಡನೆ ತೆಪ್ಪ ಕಟ್ಟಿದೆ. ಬಟ್ಟೆ ಇನ್ನೂ ಹಸಿಯಾಗಿತ್ತು. ಅವಸರದಲ್ಲಿ ಅದರ ಮೇಲೆಯೇ ಡಾಂಬರು ಬಳಿದೆ. ನಡುಹೊಳೆಯಲ್ಲಿ ಅದು ಹಪ್ಪಳದಂತೆ ಎದ್ದಿತು. ನೀರು ಕಣಕಾಲಿಗೆ ಬಂತು. ಅವರು ಹುಟ್ಟು ಹಾಕಿದರು, ನಾನು ಅಡಿಕೆ ಹಾಳೆಯಿಂದ ನೀರು ಮೊಗೆದೆ. ದಡವೇನೋ ಸೇರಿದೆವು, ಗೊಬ್ಬರ ಕರಗಿ ಹೋಯಿತು. ಅವರು ನನ್ನನ್ನು ಬಯ್ಯಲಿಲ್ಲ. "ಸಾರ್, ನನಗೆ ಈಜು ಬಾರದು" ಎಂದಷ್ಟೇ ಹೇಳಿದರು.

ತೆಪ್ಪ, ಅಂದರೆ ಹರಿಗೋಲು, ಹಳೆಯ ವಿದ್ಯೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ಹೆಣೆದು ಚರ್ಮ ಹೊದಿಸಿದ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಇರಾಕಿನ ಟೈಗ್ರಿಸ್ ನದಿಯಲ್ಲೂ ಇಂಥ ದೋಣಿಗೆ ನೆಲದಿಂದ ಬರುವ ಡಾಂಬರನ್ನೇ ಬಳಿಯುತ್ತಿದ್ದರು. ಚರ್ಮದ ಜಾಗಕ್ಕೆ ಈಗ ಕ್ಯಾನ್ವಾಸು, ಪ್ಲಾಸ್ಟಿಕ್ ಹಾಳೆ ಬಂದಿವೆ.

ಕ್ಯಾನ್ವಾಸು ಹೊದಿಸುವವರು ಹೀಗೆ ಮಾಡಿ. ಬಟ್ಟೆಯನ್ನು ಮೊದಲು ಒಗೆದು ಗಂಜಿ ತೆಗೆಯಿರಿ. ಸ್ವಲ್ಪ ತೇವವಿರುವಾಗ ಬುಟ್ಟಿಗೆ ಎಳೆದು ಕಟ್ಟಿದರೆ, ಒಣಗುತ್ತ ಬಿಗಿಯಾಗುತ್ತದೆ. ಬಿದಿರಿನ ಚೂಪು ತುದಿಗಳನ್ನು ಮೊದಲೇ ಹೆರೆದಿರಬೇಕು. ಇಲ್ಲವಾದರೆ ಅವೇ ಬಟ್ಟೆಯನ್ನು ತೂತು ಮಾಡುತ್ತವೆ. ಜೋಡಣೆಯ ಅಂಚುಗಳನ್ನು ಎರಡು ಮಡಿಕೆ ಮಾಡಿ, ಜೇನುಮೇಣ ಸವರಿದ ದಾರದಿಂದ ದಬ್ಬಣದಲ್ಲಿ ಹೊಲಿಯಿರಿ. ನಂತರ ಮೂರು ನಾಲ್ಕು ದಿನ ಒಳ್ಳೆಯ ಬಿಸಿಲು ಬೇಕು. ಮಡಿಕೆಯ ಒಳಗೆ ಬೆರಳಿಟ್ಟು ನೋಡಿ. ಅಲ್ಲಿ ತಂಪಾಗಿದ್ದರೆ ಇನ್ನೊಂದು ದಿನ ಕಾಯಿರಿ.

ಡಾಂಬರನ್ನು ಬಯಲಿನಲ್ಲಿ, ಹುಲ್ಲಿನ ಬಣವೆಯಿಂದ ದೂರ, ಸಣ್ಣ ಉರಿಯಲ್ಲಿ ಕರಗಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ನೀರಿನ ಹನಿ ಬಿದ್ದರೆ ಅದು ಉಕ್ಕಿ ಮೈಮೇಲೆ ಬರುತ್ತದೆ. ಬೆಂಕಿ ಹತ್ತಿದರೆ ನೀರು ಹಾಕಕೂಡದು. ಮುಚ್ಚಳ ಮುಚ್ಚಿ, ಮರಳು ಹಾಕಿ. ತೆಳುವಾಗಲೆಂದು ಬಿಸಿ ಡಾಂಬರಿಗೆ ಸೀಮೆಎಣ್ಣೆ, ಪೆಟ್ರೋಲು ಸುರಿಯಲೇಬಾರದು. ಮಕ್ಕಳು ಹತ್ತಿರವಿರಬಾರದು.

ಮೊದಲು ಹೊಲಿಗೆಗಳಿಗೆ ಬಳಿಯಿರಿ, ಆಮೇಲೆ ಹೊರಮೈಗೆಲ್ಲ. ದಪ್ಪವಾಗಿ ಒಂದೇ ಸಲ ಬಳಿದರೆ ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಸಲ ಬಳಿದು, ನಡುವೆ ಪೂರ್ತಿ ಆರಲು ಬಿಡಿ. ತೂತಿದ್ದ ಕಡೆ ಕ್ಯಾನ್ವಾಸಿನ ತೇಪೆಯನ್ನು ಡಾಂಬರಿನಲ್ಲೇ ಅಂಟಿಸಿ.

ಪರೀಕ್ಷೆ ಮಾಡದೆ ಹತ್ತಬೇಡಿ. ದಡದ ಮೊಣಕಾಲುದ್ದ ನೀರಿನಲ್ಲಿ, ಜನರ ತೂಕದಷ್ಟು ಮರಳಿನ ಚೀಲವಿಟ್ಟು, ಹಗ್ಗ ಕಟ್ಟಿ ಒಂದು ಗಂಟೆ ಬಿಡಿ. ಒದ್ದೆ ಕಂಡಲ್ಲಿ ಸುಣ್ಣದಿಂದ ಗುರುತು ಹಾಕಿ, ಒಣಗಿಸಿ, ಮತ್ತೆ ಬಳಿಯಿರಿ. ಕೆಲಸವಿಲ್ಲದಾಗ ತೆಪ್ಪವನ್ನು ನೆರಳಿನಲ್ಲಿ, ಗೆದ್ದಲು ಹತ್ತದಂತೆ ಕಲ್ಲುಗಳ ಮೇಲೆ ಕವುಚಿಡಿ.

ಕೊನೆಯದಾಗಿ ಒಂದು ಮಾತು. 2019ರ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳಲ್ಲಿ ಕಾವೇರಿ ಮನೆಗಳಿಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಎಷ್ಟು ಚೆನ್ನಾಗಿ ಡಾಂಬರು ಬಳಿದ ತೆಪ್ಪವಾದರೂ ಅಂಥ ನೆರೆಗೆ ಅಲ್ಲ. ದುಂಡಗಿನ ದೋಣಿ ಸೆಳವಿನಲ್ಲಿ ಬುಗುರಿಯಂತೆ ಸುತ್ತುತ್ತದೆ. ಹೊಳೆ ಕೆಂಪಾಗಿ ಏರಿದ ದಿನ ತೆಪ್ಪ ದಡದಲ್ಲೇ ಇರಲಿ. 112ಕ್ಕೆ ಫೋನು ಮಾಡಿ. ತಿಳಿನೀರಿನ ದಿನವೂ ತೇಲುಅಂಗಿ ತೊಟ್ಟೇ ಹತ್ತಿ.

ಬರುವ ವಾರ ನಾನು ಹೊಳೆಕಡವಿಗೆ ಬರುತ್ತೇನೆ. ನಿಮ್ಮ ತೆಪ್ಪ ತನ್ನಿ, ಕೂಡಿ ಪರೀಕ್ಷೆ ಮಾಡೋಣ. ಈ ಸಲ ಬಟ್ಟೆ ಒಣಗಿದೆಯೇ ಎಂದು ಮೊದಲು ಬೆರಳಿಟ್ಟು ನೋಡುವವನು ನಾನೇ.