ಜಾರುವ ತಂತಿಯೂ ಕೇಳುವ ಕಿವಿಯೂ



ಈಚಿನ ಕೆಲವು ವರ್ಷಗಳಿಂದ ಪಾಶ್ಚಾತ್ಯ ದೇಶಗಳ ತರುಣ ವಾದ್ಯವೃಂದಗಳಲ್ಲಿ ಒಂದು ವಿಚಿತ್ರವಾದ ಅಭಿರುಚಿ ತಲೆದೋರಿದೆ. ಆ ತರುಣರು ಹುಟ್ಟುವುದಕ್ಕೆ ಎಷ್ಟೋ ಮುಂಚೆ, 1960ರ ದಶಕದ ಅಂತ್ಯಭಾಗದಲ್ಲಿ, ಕ್ಯಾಲಿಫೋರ್ನಿಯದ ಧ್ವನಿಮುದ್ರಣಶಾಲೆಗಳಲ್ಲಿ ಕೇಳಿಬರುತ್ತಿದ್ದ ನಾದವನ್ನೇ, ಅಂದರೆ ಹಳ್ಳಿಗಾಡಿನ ಕಂಟ್ರಿ ಸಂಗೀತದ ಸ್ಟೀಲ್ ಗಿಟಾರಿನ ಕೊರಗನ್ನೂ ರಾಕ್ ಸಂಗೀತದ ತಾಳದ ಬಿರುಸನ್ನೂ ಸೈಕೆಡೆಲಿಕ್ ಎಂದು ಹೆಸರಾದ ಸ್ವಪ್ನಸದೃಶ ಪ್ರತಿಧ್ವನಿಯನ್ನೂ ಒಂದುಗೂಡಿಸಿ, ಹೊದಿಕೆಯ ಚಿತ್ರ, ಅಕ್ಷರಗಳ ಬಳುಕು ಮೊದಲುಗೊಂಡು ಎಲ್ಲವನ್ನೂ ಹಳೆಯ ಕಾಲದ್ದೆಂಬಂತೆ ಮಾಡಿ, ತಮ್ಮ ಚೊಚ್ಚಲ ಆಲ್ಬಮನ್ನು ಹೊರತರುವುದು ಅವರಿಗೆ ಪ್ರಿಯವಾಗಿದೆ. ಕೇಳಿದವರು ಒಡನೆಯೇ ಎರಡು ಪಕ್ಷವಾಗುತ್ತಾರೆ. ಇದು ತಾತನ ಅಂಗಿಯನ್ನು ತೊಟ್ಟು ಮೆರೆಯುವುದಲ್ಲದೆ ಮತ್ತೇನೂ ಅಲ್ಲವೆಂದು ಒಬ್ಬರು ಹಳಿದರೆ, ಇಷ್ಟು ಮಧುರವಾಗಿರುವುದು ಯಾವ ಕಾಲದ್ದಾದರೇನು ಎಂದು ಮತ್ತೊಬ್ಬರು ಸಮರ್ಥಿಸುತ್ತಾರೆ. ಈ ವಿವಾದವನ್ನು ಹಿಡಿದು ನಾನು ಗುಜರಾತಿಗೆ ಹೋಗಲಿದ್ದೇನೆ; ಇವೆರಡಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ. ಎರವಲು ನಾದವನ್ನು ಕೇಳಿದ ಶ್ರೋತೃಗಳು ಕೊಟ್ಟ ತೀರ್ಪುಗಳ ಚರಿತ್ರೆಯನ್ನು ಬರೆಯಹೊರಟವನು ಸೂರತ್, ವಡೋದರಾ, ಅಹಮದಾಬಾದ್ ಎಂಬ ಮೂರು ನಗರಗಳನ್ನು ಬಿಟ್ಟು ಬರೆಯಲಾರನು.

ಸೂರತ್ತಿನ ಸಮೀಪದ ಸುವಾಲಿ ಎಂಬ ರೇವಿಗೆ 1612ರಲ್ಲಿ ಥಾಮಸ್ ಬೆಸ್ಟ್ ಎಂಬ ನಾವಿಕನು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳನ್ನು ತಂದನಷ್ಟೆ. ಅದರ ಮರುವರ್ಷ ತಮ್ಮ ದೊರೆಯ ಪತ್ರವನ್ನು ಹೊತ್ತು ಆಗ್ರಾಕ್ಕೆ ಹೋದ ಪಾಲ್ ಕ್ಯಾನಿಂಗ್ ಎಂಬ ವ್ಯಾಪಾರಿಯ ಸಂಗಡ ಇಬ್ಬರು ವಾದ್ಯಗಾರರೂ ಹೋದರು. ಲಾನ್ಸೆಲಾಟ್ ಕ್ಯಾನಿಂಗನು ನುಡಿಸಿದ್ದು ವರ್ಜಿನಲ್ ಎಂಬ ಕೀಲಿಮಣೆಯ ವಾದ್ಯ. ರಾಬರ್ಟ್ ಟ್ರಲ್ಲಿ ಊದಿದ್ದು ಕಾರ್ನೆಟ್. ಜಹಾಂಗೀರ್ ಚಕ್ರವರ್ತಿಗೆ ಮೊದಲನೆಯದು ರುಚಿಸಲಿಲ್ಲ. ಎರಡನೆಯದನ್ನಾದರೋ ಆತನು ತಾನೇ ಊದಿನೋಡಿ, ಅಂಥವನ್ನೇ ಮಾಡಿಕೊಡಿರೆಂದು ತನ್ನ ಕುಶಲಕರ್ಮಿಗಳಿಗೆ ಅಪ್ಪಣೆಯಿತ್ತನು. ಒಂದೇ ಸಭೆ, ಒಂದೇ ದೇಶದಿಂದ ಬಂದ ಎರಡು ವಾದ್ಯ, ಎರಡು ತೀರ್ಪು! ಮಿಡಿದೊಡನೆ ಕುಗ್ಗಿಹೋಗುವ, ಸ್ವರದಿಂದ ಸ್ವರಕ್ಕೆ ಜಾರಲಾರದ ಕೀಲಿಮಣೆಯ ನಾದವು, ಮೀಂಡಿನಲ್ಲಿಯೇ, ಅಂದರೆ ಆ ಜಾರುವಿಕೆಯಲ್ಲಿಯೇ, ರಾಗದ ಪ್ರಾಣವನ್ನು ಕಾಣುವ ಕಿವಿಗೆ ಹಿಡಿಸದೆಹೋದುದು ಸಹಜವೆಂದು ನನಗೆ ತೋರುತ್ತದೆ. ಆದರೆ ಇದು ನನ್ನ ಊಹೆಯೇ ಹೊರತು ಚಕ್ರವರ್ತಿಯ ಮಾತಲ್ಲ.

ಅಲ್ಲಿಂದ ವಡೋದರಾಕ್ಕೆ ಬರೋಣ. ಅಲ್ಲಿ ಸಯಾಜಿರಾವ್ ಗಾಯಕವಾಡ ಮಹಾರಾಜರ ಆಶ್ರಯದಲ್ಲಿ 1886ರಲ್ಲಿ ಸಂಗೀತಶಾಲೆಯನ್ನು ಆರಂಭಿಸಿದ ಮೌಲಾ ಬಕ್ಷ್ ಅವರ ಹೆಸರು ನಮ್ಮ ಮೈಸೂರಿಗೂ ಸೇರಿದ್ದು. ಅವರು ಮೈಸೂರಿನ ಆಸ್ಥಾನಕ್ಕೆ ಬಂದು, ಕರ್ನಾಟಕ ಸಂಗೀತದ ಶಾಸ್ತ್ರಬದ್ಧತೆಯನ್ನು ಕಂಡು ಬೆರಗಾಗಿ, ಅದನ್ನು ಅಭ್ಯಾಸಮಾಡಿ, ಅರಸರಿಂದ ಬಿರುದುಬಾವಲಿಗಳನ್ನು ಪಡೆದವರು. ಅವರ ಪತ್ನಿ ಟಿಪ್ಪು ಸುಲ್ತಾನರ ವಂಶದವರೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಮೌಲಾ ಬಕ್ಷ್ ಅವರ ಮಗಳ ಮಗನಾಗಿ 1882ರಲ್ಲಿ ಈ ಮನೆಯಲ್ಲಿ ಹುಟ್ಟಿದವನೇ ಇನಾಯತ್ ಖಾನ್. 1909ರಲ್ಲಿ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ ಈ ತರುಣ ಗಾಯಕ ಮರುವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಪ್ರಯಾಣಮಾಡಿ, ರೂತ್ ಸೇಂಟ್ ಡೆನಿಸ್ ಎಂಬ ನರ್ತಕಿಯ ಪ್ರದರ್ಶನಗಳಿಗೆ ಸಂಗೀತ ಒದಗಿಸಿದನು. ಅಲ್ಲಿನ ಸಾಮಾನ್ಯ ಪ್ರೇಕ್ಷಕರಿಗೆ ಅದೆಲ್ಲವೂ ಒಂದು ವಿನೋದವಾಗಿ ಕಂಡಿತೆಂಬ ನೋವು ಆತನ ಮನಸ್ಸಿನಲ್ಲಿ ಉಳಿಯಿತು. ಕಾಲಕ್ರಮದಲ್ಲಿ ಆತನು ಸೂಫಿ ಗುರುವಾದನು. ಆತನ ಶಿಷ್ಯನಾದ ಸ್ಯಾಮ್ಯುಯೆಲ್ ಲೂಯಿಸ್ ಎಂಬಾತನು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಸೈಕೆಡೆಲಿಕ್ ಸಂಗೀತದ ತವರಿನಲ್ಲಿಯೇ, ಹಿಪ್ಪಿ ತರುಣರಿಗೆ ಗುರುವಾದನೆಂಬುದನ್ನು ಕೇಳಿದರೆ ಯಾರಿಗಾದರೂ ಆಶ್ಚರ್ಯವಾದೀತು.

ವಡೋದರಾದ ಮಾತು ಬಂದಾಗ ಕನ್ನಡಿಗನಾದವನು ಅಬ್ದುಲ್ ಕರೀಂ ಖಾನರನ್ನು ಸ್ಮರಿಸದೆ ಮುಂದೆ ಹೋಗುವುದು ಕೃತಘ್ನತೆ. ಆ ಆಸ್ಥಾನದಲ್ಲಿದ್ದು, ಅನಂತರ ಮೀರಜಿನಲ್ಲಿ ನೆಲಸಿದ ಅವರಿಂದ ಕುಂದಗೋಳದ ಸವಾಯಿ ಗಂಧರ್ವರು ವಿದ್ಯೆ ಕಲಿತರು. ಕರೀಂ ಖಾನರ ತಟ್ಟೆಯೊಂದು ಅಂಗಡಿಯಲ್ಲಿ ನುಡಿಯುತ್ತಿದ್ದುದನ್ನು ಕೇಳಿ ಗದಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಅರಸಿ ಮನೆಬಿಟ್ಟು ಹೊರಟನು. ಧ್ವನಿಮುದ್ರಿಕೆಯೊಂದರ ಮೇಲೆ ಶ್ರೋತೃವು ಕೊಡಬಹುದಾದ ಅಭಿಪ್ರಾಯಗಳಲ್ಲಿ ಇದಕ್ಕಿಂತ ಸ್ಪಷ್ಟವಾದುದು ಇನ್ನಾವುದಿದ್ದೀತು?

ಈಗ ಪ್ರಕೃತ ವಿಷಯದ ಮುಖ್ಯವಾದ್ಯವನ್ನು ಹಿಡಿಯೋಣ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಪದ್ಧತಿಯನ್ನು ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಚಾರಕ್ಕೆ ತಂದನೆಂದು ಸಾಮಾನ್ಯವಾಗಿ ಹೇಳುತ್ತಾರೆ. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ಅನಂತರ ಅದು ಅಮೆರಿಕದಲ್ಲೆಲ್ಲ ಹಬ್ಬಿ, ಜಿಮ್ಮಿ ರಾಜರ್ಸ್ ಮೊದಲಾದ ಹಳ್ಳಿಗಾಡಿನ ಗಾಯಕರ ಮುದ್ರಿಕೆಗಳಲ್ಲಿ ಸೇರಿಕೊಂಡು, ಮುಂದೆ ಪೆಡಲ್ ಸ್ಟೀಲ್ ಗಿಟಾರಾಗಿ ಬೆಳೆದು, ಕಂಟ್ರಿ ಸಂಗೀತದ ಗುರುತೇ ಆಯಿತು. ಅದೇ ವಾದ್ಯ ಇನ್ನೊಂದು ದಾರಿಯಿಂದ, 1929ರಲ್ಲಿ ಕಲ್ಕತ್ತೆಗೆ ಬಂದ ಟಾವ್ ಮೋಯ್ ಮೊದಲಾದ ಹವಾಯಿಯ ಕಲಾವಿದರ ಮೂಲಕ, ನಮ್ಮ ದೇಶದಲ್ಲಿಯೂ ನೆಲಸಿ, ಚಲನಚಿತ್ರಗೀತೆಗಳಲ್ಲಿ ಮನೆಮಾತಾಯಿತು. ಗೋಟುವಾದ್ಯವನ್ನು ಕೇಳಿ ಬೆಳೆದ ದಕ್ಷಿಣದೇಶದವರಿಗೆ ಈ ಜಾರುವಿಕೆ ಹೊಸದಲ್ಲ; ಹೊಸದಾಗಿದ್ದುದು ಗಿಟಾರು ಎಂಬ ಹೆಸರು, ಮತ್ತು ಆ ಹೆಸರಿನೊಡನೆ ಬಂದ ಸಿನಿಮಾದ ವಾಸನೆ.

ಆ ವಾಸನೆಯನ್ನು ತೊಳೆದವರು ಬ್ರಿಜ್ ಭೂಷಣ್ ಕಾಬ್ರಾ. 1937ರಲ್ಲಿ ಜೋಧಪುರದ ಸಂಗೀತಪ್ರಿಯ ಮನೆತನದಲ್ಲಿ ಹುಟ್ಟಿ, ಭೂಗರ್ಭಶಾಸ್ತ್ರವನ್ನು ಓದಿ, ಅಹಮದಾಬಾದನ್ನೇ ತಮ್ಮ ಊರಾಗಿ ಮಾಡಿಕೊಂಡು, 2018ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ವಿದ್ಯಾದಾನಮಾಡಿದ ಈ ಮಹನೀಯರು, ಗಿಟಾರಿನ ಮೇಲೆ ಶುದ್ಧ ಶಾಸ್ತ್ರೀಯ ಸಂಗೀತವನ್ನಲ್ಲದೆ ಬೇರೇನನ್ನೂ ನುಡಿಸಲಾರೆನೆಂಬ ವ್ರತವನ್ನು ತೊಟ್ಟರು. ಮಗನು ಗಿಟಾರು ಹಿಡಿದುದು ತಂದೆಗೆ ಮೊದಲು ಒಪ್ಪಿಗೆಯಾಗಿರಲಿಲ್ಲ. ಅಣ್ಣ ದಾಮೋದರಲಾಲರು ಸರೋದ್ ವಾದಕರು. ತಾವೂ ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರು. ಅಮೆರಿಕದ ಗಿಬ್ಸನ್ ಗಿಟಾರಿಗೆ ಶ್ರುತಿಗಾಗಿಯೂ ಚಿಕಾರಿಗಾಗಿಯೂ ತಂತಿಗಳನ್ನು ಹೊಂದಿಸಿಕೊಂಡು, ಆಲಾಪ್, ಜೋಡ್, ಝಾಲಾಗಳನ್ನು ಅದರಲ್ಲಿ ಮೂಡಿಸಿದ ಅವರ ಸಾಹಸವನ್ನು, ಅನುಕರಣೆಗೂ ಸ್ವೀಕರಣಕ್ಕೂ ಇರುವ ಅಂತರಕ್ಕೆ ನಿದರ್ಶನವಾಗಿ ನಾನು ಎಣಿಸುತ್ತೇನೆ. ಎರವಲು ತಂದ ವಾದ್ಯಕ್ಕೆ ಅದು ಹಿಂದೆಂದೂ ಮಾಡದ ಕೆಲಸವನ್ನು ಒಪ್ಪಿಸಿದವನು ಅದಕ್ಕೆ ಒಡೆಯನಾಗುತ್ತಾನೆ. ಹಳೆಯ ಕೆಲಸವನ್ನೇ ಮಾಡಿಸಿದವನು, ಎಷ್ಟು ಅಂದವಾಗಿ ಮಾಡಿಸಿದರೂ, ಅತಿಥಿಯಾಗಿಯೇ ಉಳಿಯುತ್ತಾನೆ. ಇಂದಿನ ಚೊಚ್ಚಲ ಆಲ್ಬಮುಗಳಲ್ಲಿ ಬಹುಪಾಲು ಈ ಎರಡನೆಯ ಗುಂಪಿಗೆ ಸೇರಿದವೆಂದು ಹೇಳಲು ನನಗೆ ಸಂಕೋಚವಿಲ್ಲ.

1967ರಲ್ಲಿ ಕಾಬ್ರಾ ಅವರು, ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಶಿವಕುಮಾರ ಶರ್ಮ ಮತ್ತು ಹರಿಪ್ರಸಾದ್ ಚೌರಾಸಿಯ ಅವರೊಡನೆ ಕೂಡಿ, ಎಚ್.ಎಂ.ವಿ. ಸಂಸ್ಥೆಯ ಜಿ.ಎನ್. ಜೋಶಿಯವರ ನಿರ್ಮಾಣದಲ್ಲಿ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಎಲ್.ಪಿ. ತಟ್ಟೆಯನ್ನು ಮುದ್ರಿಸಿದರು. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು, ಆಯಾ ಹೊತ್ತಿಗೆ ತಕ್ಕ ರಾಗಗಳಿಂದ, ಬೆಳಗಿನ ಅಹೀರ್ ಭೈರವ ಮೊದಲುಗೊಂಡು ಪಹಾಡಿಯವರೆಗೆ ಚಿತ್ರಿಸುವ ಕೃತಿ ಅದು. ಗಿಟಾರಿನ ಮೇಲಿದ್ದ ಆಕ್ಷೇಪವನ್ನು ಆಗಲೇ ಹೇಳಿದೆನಷ್ಟೆ; ಶರ್ಮರ ವಾದ್ಯವಾದ ಸಂತೂರಿನ ಮೇಲೆಯೂ ಒಂದು ಆಕ್ಷೇಪವಿತ್ತು. 1955ರಲ್ಲಿ ಶರ್ಮರು ಮುಂಬಯಿಯ ಹರಿದಾಸ ಸಂಗೀತ ಸಮ್ಮೇಳನದಲ್ಲಿ ಅದನ್ನು ನುಡಿಸಿದಾಗ, ಮೀಂಡ್ ಬಾರದ ಈ ವಾದ್ಯಕ್ಕೆ ರಾಗಸಂಗೀತದಲ್ಲಿ ಸ್ಥಾನವೆಲ್ಲಿಯದೆಂದು ವಿಮರ್ಶಕರು ಮೂಗು ಮುರಿದಿದ್ದರು. ಜಾರಲಾರದ ವಾದ್ಯವೊಂದು, ಜಾರುವುದನ್ನೇ ಧರ್ಮವಾಗಿ ಉಳ್ಳ ವಾದ್ಯವೊಂದು, ಇವೆರಡರ ನಡುವೆ ಚೌರಾಸಿಯರ ಬಿದಿರಿನ ಕೊಳಲು! ಮೂವರು ತರುಣರೂ ತಮ್ಮ ವಾದ್ಯಗಳಿಗೆ ಒಂದೊಂದು ಬಗೆಯಲ್ಲಿ ಮಾನ್ಯತೆ ಬೇಡುತ್ತಿದ್ದ ಕಾಲವದು.

ಕೇಳಿದವರ ಅಭಿಪ್ರಾಯವೇನು? ಪಂಡಿತರಲ್ಲಿ ಕೆಲವರು ಇದನ್ನು ಲಘುಸಂಗೀತದ ಪಕ್ಕದಲ್ಲಿ ಕುಳ್ಳಿರಿಸಿ ಸುಮ್ಮನಾದರು. ರಾಗವೊಂದು ಕೆಲವೇ ನಿಮಿಷಗಳಲ್ಲಿ ಮುಗಿಯುವುದು, ಕಥೆಯೊಂದನ್ನು ಸಂಗೀತದ ಕೊರಳಿಗೆ ಕಟ್ಟುವುದು, ಇವೆರಡೂ ಅವರಿಗೆ ಸಹ್ಯವಾಗಲಿಲ್ಲ. ಈ ಆಕ್ಷೇಪ ನಿರಾಧಾರವಾದುದೇನೂ ಅಲ್ಲ. ಕುರುಬನ ಕಥೆಯನ್ನು ತೆಗೆದುಹಾಕಿದರೂ ಆ ನಾದಕ್ಕೆ ಏನೂ ನಷ್ಟವಾಗದೆಂದು ನನಗೂ ತೋರುತ್ತದೆ. ಆದರೆ ರಾಗದ ಹೆಸರನ್ನೇ ಅರಿಯದ ಮನೆಗಳಿಗೂ ಆ ತಟ್ಟೆ ಹೋಗಿ, ಹಿಂದೂಸ್ಥಾನಿ ವಾದ್ಯಸಂಗೀತದ ಅತ್ಯಂತ ಜನಪ್ರಿಯ ಮುದ್ರಿಕೆಗಳಲ್ಲಿ ಒಂದಾಯಿತು. ಸಮುದ್ರದಾಚೆ ಅದನ್ನು ಮೆಚ್ಚಿದವರಲ್ಲಿ ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್ ಮೊದಲಾದವರ ಹೆಸರಿನೊಂದಿಗೆ ರೋಜರ್ ಮೆಗ್ವಿನ್ನನ ಹೆಸರೂ ಕೇಳಿಬರುತ್ತದೆ.

ಈ ಮೆಗ್ವಿನ್ನನು ‘ಬರ್ಡ್ಸ್’ ಎಂಬ ವೃಂದದ ನಾಯಕ. 1966ರಲ್ಲಿ ರವಿಶಂಕರರ ಸಿತಾರಿನ ಪ್ರಭಾವವನ್ನು ಒಳಗೊಂಡು ಸೈಕೆಡೆಲಿಕ್ ಗೀತೆಯನ್ನು ಹಾಡಿದ ಈ ವೃಂದವೇ, 1968ರಲ್ಲಿ ಗ್ರಾಮ್ ಪಾರ್ಸನ್ಸನನ್ನು ಸೇರಿಸಿಕೊಂಡು ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಎಂಬ ಕಂಟ್ರಿ ರಾಕ್ ಆಲ್ಬಮನ್ನು ಹೊರತಂದಿತು. ಆ ವರ್ಷದ ಮಾರ್ಚಿನಲ್ಲಿ ಅವರು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ವೇದಿಕೆಯನ್ನೇರಿದಾಗ, ಉದ್ದಗೂದಲಿನ ಈ ಹುಡುಗರು ನಮ್ಮ ಸಂಗೀತವನ್ನು ಮುಟ್ಟುವುದೇ ಎಂದು ಸಭಿಕರು ಗೇಲಿಮಾಡಿದರು; ರಾಕ್ ರಸಿಕರಾದರೋ ಹಳ್ಳಿಗರ ಹಾಡು ತಮಗೇಕೆಂದು ದೂರ ಸರಿದರು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಆಲ್ಬಮ್ 77ನೆಯ ಸ್ಥಾನವನ್ನು ದಾಟಲಿಲ್ಲ. ಇಂದು ಅದೇ ಆಲ್ಬಮ್ ಆ ಪ್ರಕಾರದ ಮೂಲಗ್ರಂಥವೆಂಬಂತೆ ಪೂಜಿತವಾಗಿದೆ. ನಾನು ಆರಂಭದಲ್ಲಿ ಹೇಳಿದ ತರುಣರು ತೊಡುವ ತಾತನ ಅಂಗಿ ಇದೇ.

ಅಹಮದಾಬಾದಿಗೆ ಮರಳೋಣ, ಏಕೆಂದರೆ ಇದಕ್ಕೆ ವಿಪರ್ಯಾಸವಾದ ಪ್ರಸಂಗವೊಂದು ಅಲ್ಲಿದೆ. ಅಲ್ಲಿನ ಸಾರಾಭಾಯಿ ಮನೆತನದ ಗೀತಾ ಸಾರಾಭಾಯಿಯವರು ಪಖಾವಾಜ್ ನುಡಿಸುತ್ತಿದ್ದ ವಿದುಷಿ. 1946ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಕೇಜ್ ಎಂಬ ಸಂಗೀತಗಾರನಿಗೆ ಭಾರತೀಯ ಸಂಗೀತವನ್ನು ಕಲಿಸಿ, ಆತನಿಂದ ಪಾಶ್ಚಾತ್ಯ ಸಂಗೀತವನ್ನು ತಾವು ಕಲಿತು, 1949ರಲ್ಲಿ ಅಹಮದಾಬಾದಿನಲ್ಲಿ ಸಂಗೀತ ಕೇಂದ್ರವನ್ನು ಸ್ಥಾಪಿಸಿದವರು. ಗೌತಮ್ ಮತ್ತು ಗಿರಾ ಸಾರಾಭಾಯಿಯವರ ಮುಂದಾಳುತನದಲ್ಲಿ 1961ರಲ್ಲಿ ಅದೇ ನಗರದಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ, 1969ರಲ್ಲಿ ಕೇಜನ ಸಹೋದ್ಯೋಗಿಯಾದ ಡೇವಿಡ್ ಟ್ಯೂಡರ್ ಬಂದು, ಮೂಗ್ ಸಿಂಥಸೈಜರನ್ನು ಅಳವಡಿಸಿ, ಎಲೆಕ್ಟ್ರಾನಿಕ್ ಸಂಗೀತದ ಧ್ವನಿಮುದ್ರಣಶಾಲೆಯೊಂದನ್ನು ಸಜ್ಜುಗೊಳಿಸಿದನು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮ, ವಾಸ್ತುಶಿಲ್ಪದ ವಿದ್ಯಾರ್ಥಿ ಜಿನರಾಜ್ ಜೋಶಿಪುರ ಇವರು ಅದರಲ್ಲಿ ಪಕ್ಷಿಗಳ ಕೂಗಿನಂಥವನ್ನೂ ಆಕಾಶಯಾನದ ಕಲ್ಪನೆಗಳನ್ನೂ ನಾದರೂಪಕ್ಕೆ ತಂದರು. ಕೆಲವೇ ವರ್ಷಗಳಲ್ಲಿ ಆ ಶಾಲೆ ಮುಚ್ಚಿತು. ಟೇಪುಗಳು ಸಂಸ್ಥೆಯ ಕಡತಗಳ ನಡುವೆ ಉಳಿದುವು. ಲಂಡನ್ನಿನ ಕಲಾವಿದ ಪಾಲ್ ಪುರ್ಗಸ್ 2017ರಲ್ಲಿ ಅಲ್ಲಿ 27 ಸುರುಳಿಗಳನ್ನು ಕಂಡುಹಿಡಿದು, ಬಿ.ಬಿ.ಸಿ. ರೇಡಿಯೋದಲ್ಲಿ ಅವುಗಳ ಕಥೆಯನ್ನು ಹೇಳಿದನು. 2023ರಲ್ಲಿ ಅವು ‘ದಿ ಎನ್.ಐ.ಡಿ. ಟೇಪ್ಸ್’ ಎಂಬ ಆಲ್ಬಮಾಗಿ ಹೊರಬಂದುವು.

ಹೊಸಬರು ಹಳೆಯ ನಾದವನ್ನು ನಟಿಸುತ್ತಿರುವ ಕಾಲದಲ್ಲಿ, ನಿಜವಾಗಿಯೂ ಹಳೆಯದಾದ ನಾದವೊಂದು ಅರ್ಧ ಶತಮಾನ ತಡವಾಗಿ ಚೊಚ್ಚಲ ಆಲ್ಬಮಾಗಿ ಕಾಣಿಸಿಕೊಂಡಿತು! ಇದನ್ನು ಮೆಚ್ಚುವವರು ಮೆಚ್ಚುತ್ತಿರುವುದು ನಾದವನ್ನೋ, ಅದು ಕಳೆದುಹೋಗಿ ದೊರೆತ ಕಥೆಯನ್ನೋ ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ. ಕೆಲವು ತುಣುಕುಗಳು ಅಭ್ಯಾಸದ ಹಂತವನ್ನು ಮೀರಿದವಲ್ಲ. ಆದರೆ ಜೋಶಿಪುರ ತನ್ನ ಹತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ ರಚಿಸಿದ ಭಾಗದಲ್ಲಿ, ಇದು ನಮ್ಮದೋ ಪರರದೋ ಎಂಬ ಅಳುಕಿನ ಲೇಶವೂ ಇಲ್ಲ. ಆ ನಿರ್ಭಯತೆಯನ್ನು ಇಂದಿನ ನಟನೆಯ ಆಲ್ಬಮುಗಳಲ್ಲಿ ನಾನು ಕೇಳಲಾರೆ.

ಕರ್ನಾಟಕದಲ್ಲಿಯೂ ಇಂಥ ವಿವಾದ ನಡೆದುದುಂಟು. ರಘು ದೀಕ್ಷಿತರು 2008ರಲ್ಲಿ ತಮ್ಮ ಮೊದಲ ಆಲ್ಬಮಿನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ತತ್ತ್ವಪದವನ್ನು ಗಿಟಾರಿನೊಡನೆ ಹಾಡಿದಾಗ, ಏಕತಾರಿಯ ಪದಕ್ಕೆ ಈ ಗದ್ದಲವೇಕೆಂದವರೂ, ಮೊದಲ ಬಾರಿಗೆ ಷರೀಫರನ್ನು ಕೇಳಿದೆವೆಂದು ಸಂತೋಷಿಸಿದವರೂ ಇದ್ದರು. ಎರಡನೆಯವರ ಸಂಖ್ಯೆಯೇ ಹೆಚ್ಚೆಂದು ನನ್ನ ನಂಬಿಕೆ.

ಕಾಬ್ರಾ ಅವರು ತೆರೆದ ದಾರಿಯಲ್ಲಿ ಬಂದವರ ವಿಷಯವನ್ನೂ ಹೇಳಬೇಕು. ದೇಬಾಶಿಶ್ ಭಟ್ಟಾಚಾರ್ಯರು ಅವರ ಶಿಷ್ಯರು. ಅದೇ ವಾದ್ಯವನ್ನು ಮೋಹನವೀಣೆಯಾಗಿ ಮಾರ್ಪಡಿಸಿದ ವಿಶ್ವಮೋಹನ ಭಟ್ಟರು ಅಮೆರಿಕದ ಸ್ಲೈಡ್ ಗಿಟಾರ್ ವಾದಕ ರೈ ಕೂಡರನೊಡನೆ ನುಡಿಸಿದ ಆಲ್ಬಮಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಹವಾಯಿಯಿಂದ ಎರಡು ದಿಕ್ಕಿಗೆ ಹೊರಟ ವಾದ್ಯ ಅಲ್ಲಿ ಎದುರುಬದುರಾಗಿ ಕುಳಿತಿತು. ಭಟ್ಟರ ಸೋದರಿ, ಸಿತಾರ್ ವಿದುಷಿ ಮಂಜು ಮೆಹ್ತಾ, ತಮ್ಮ ಪತಿ ನಂದನ್ ಮೆಹ್ತಾ ಅವರೊಡನೆ 1980ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ‘ಸಪ್ತಕ್’ ಸಂಸ್ಥೆ ಪ್ರತಿ ವರ್ಷ ಜನವರಿಯ ಆರಂಭದಲ್ಲಿ ದಿನಗಟ್ಟಲೆ ಸಂಗೀತೋತ್ಸವವನ್ನು ನಡೆಸುತ್ತ ಬಂದಿದೆ.

ಶ್ರೋತೃಗಳಲ್ಲಿ ನನ್ನದೊಂದು ಬಿನ್ನಹವಿದೆ. ‘ಕಾಲ್ ಆಫ್ ದಿ ವ್ಯಾಲಿ’ಯನ್ನೂ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ವನ್ನೂ ಒಂದರ ಹಿಂದೊಂದಾಗಿ, ಹೊದಿಕೆಯ ಮೇಲಿನ ಬರೆಹವನ್ನು ಓದದೆ, ತಂತಿ ಜಾರುವ ಕಡೆಗಳಲ್ಲಿ ಮಾತ್ರ ಕಿವಿಯನ್ನು ನಿಲ್ಲಿಸಿ ಆಲಿಸಿರಿ. ಮೆಚ್ಚಿಗೆಯಾದರೆ ಮೆಚ್ಚಿಗೆ, ಆಗದಿದ್ದರೆ ಆಕ್ಷೇಪ, ಯಾವುದಾದರೂ ಸರಿಯೆ, ಕಾರಣಸಹಿತವಾಗಿ ಈ ರೇಡಿಯೋ ನಿಲಯಕ್ಕೆ ಒಂದು ಕಾಗದ ಬರೆಯಿರಿ.