ಬಣ್ಣವನ್ನು ಮುಟ್ಟದೆ ನೋಡುವ ಬಗೆ

 

ಚೀನಾ ದೇಶದ ಗಾನ್ಸು ಪ್ರಾಂತ್ಯದಲ್ಲಿ, ಗೋಬಿ ಮರುಭೂಮಿಯ ಅಂಚಿನಲ್ಲಿ, ದುನ್‌ಹುವಾಂಗ್ ಎಂಬ ಊರಿದೆ. ಪೂರ್ವಕಾಲದಲ್ಲಿ ರೇಷ್ಮೆಯ ವರ್ತಕರು ಒಂಟೆಗಳ ಸಾಲಿನೊಡನೆ ತಂಗುತ್ತಿದ್ದ ಸ್ಥಳವದು. ಅದರ ಸಮೀಪದ ಮೊಗಾವೊ ಎಂಬಲ್ಲಿ ಕ್ರಿ.ಶ. 366ರಲ್ಲಿ ಬೌದ್ಧ ಭಿಕ್ಷುವೊಬ್ಬನು ಮೊದಲ ಗುಹೆಯನ್ನು ಕೊರೆಯಿಸಿದನೆಂಬುದು ಪ್ರತೀತಿ. ಅನಂತರ ಸಾವಿರ ವರ್ಷಗಳ ಕಾಲ ಅರಸರು, ಅಧಿಕಾರಿಗಳು, ಗೃಹಸ್ಥರು ತಮ್ಮ ತಮ್ಮ ಶಕ್ತ್ಯನುಸಾರ ಗುಹೆಗಳನ್ನು ಮಾಡಿಸುತ್ತ ಬಂದರು. ದಾನ ಮಾಡಿದವರು ತಮ್ಮ ರೂಪವನ್ನೂ ಹೆಸರನ್ನೂ ಗೋಡೆಯ ಮೇಲೆ ಬರೆಯಿಸಿಕೊಂಡಿದ್ದಾರೆ. ದಾನಿಗಳ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ ಎನ್ನಬೇಕು. ಇಂದು ಚಿತ್ರ ಮತ್ತು ಶಿಲ್ಪಗಳಿರುವ ಗುಹೆಗಳು 492. ಚಿತ್ರಗಳ ಒಟ್ಟು ವಿಸ್ತಾರ ಸುಮಾರು 45,000 ಚದರ ಮೀಟರು.

ಹುಲ್ಲು ಬೆರೆಸಿದ ಮಣ್ಣಿನ ಗಿಲಾವಿನ ಮೇಲೆ ಖನಿಜಗಳಿಂದ ಅರೆದ ಬಣ್ಣ. ಅಫಘಾನಿಸ್ತಾನದ ವೈಡೂರ್ಯಶಿಲೆಯ ನೀಲಿ, ತಾಮ್ರದ ಅದಿರಿನ ಹಸಿರು, ಇಂಗುಲಿಕದ ಕೆಂಪು. ಮರುಭೂಮಿಯ ಒಣಹವೆ ಇವನ್ನು ಕಾಪಾಡಿತು. ಆದರೆ ಬಂಡೆಯಲ್ಲಿಯೂ ಗಿಲಾವಿನಲ್ಲಿಯೂ ಲವಣಾಂಶವಿದೆ. ಜನಸಂದಣಿ ಒಳಹೊಕ್ಕಾಗ ಉಸಿರಿನಿಂದ ತೇವ ಏರುತ್ತದೆ. ತೆರೆದ ಬಾಗಿಲಿನಿಂದ ಹೊರಗಿನ ತೇವವೂ ಸೇರುತ್ತದೆ. ಲವಣ ಕರಗುತ್ತದೆ, ಮತ್ತೆ ಒಣಗಿ ಹರಳುಗಟ್ಟುವಾಗ ಬಣ್ಣದ ಪದರನ್ನು ಹೊರಕ್ಕೆ ನೂಕಿ ಉದುರಿಸುತ್ತದೆ. ಭಕ್ತಿಯಿಂದಲೇ ಬಂದಿರಲಿ, ಕುತೂಹಲದಿಂದಲೇ ಬಂದಿರಲಿ, ನೋಡುವವನ ಉಸಿರೇ ನೋಡಲ್ಪಡುವ ಚಿತ್ರಕ್ಕೆ ಶತ್ರುವಾಯಿತು.

1963ರಲ್ಲಿ ಅಲ್ಲಿಗೆ ಸೇವೆಗೆ ಬಂದು, 1998ರಿಂದ 2014ರವರೆಗೆ ಆ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಫಾನ್ ಜಿನ್ಶಿ ಎಂಬ ವಿದುಷಿಯು ಗುಹೆಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಕಾರ್ಯವನ್ನು ಮುನ್ನಡೆಸಿದರು. ಗೋಡೆಯ ಒಂದೊಂದು ತುಣುಕನ್ನೂ ಅಂಚು ಕೂಡುವಂತೆ ಛಾಯಾಚಿತ್ರ ತೆಗೆದು ಜೋಡಿಸುವುದು ಅದರ ಕ್ರಮ. 2014ರಲ್ಲಿ ಗುಹೆಗಳಿಂದ ದೂರದಲ್ಲಿ ಪ್ರವಾಸಿ ಮಂದಿರವೊಂದು ತೆರೆಯಿತು. ಬಂದವರು ಮೊದಲು ಅಲ್ಲಿ ಗುಮ್ಮಟದಾಕಾರದ ತೆರೆಯ ಮೇಲೆ ಚಿತ್ರಗಳನ್ನು ಸಾವಕಾಶವಾಗಿ ನೋಡಿ, ಬಳಿಕ ಗುಹೆಗಳಲ್ಲಿ ಸ್ವಲ್ಪವೇ ಹೊತ್ತು ನಿಲ್ಲುತ್ತಾರೆ. 2016ರಲ್ಲಿ 30 ಗುಹೆಗಳ ದಾಖಲೆಯನ್ನು ಅಂತರಜಾಲದಲ್ಲಿ ಸರ್ವರಿಗೂ ಉಚಿತವಾಗಿ ತೆರೆದಿಟ್ಟರು.

ಇನ್ನೂ ವಿಶೇಷವಾದುದು 220ನೆಯ ಗುಹೆಯ ಸಂಗತಿ. ಅದರ ಚಿತ್ರಗಳು ಕ್ರಿ.ಶ. 642ರ ಕಾಲದವು. ಮುಂದೆ ಬಂದವರು ಪುಣ್ಯಕಾರ್ಯವೆಂದೇ ಭಾವಿಸಿ ಅವುಗಳ ಮೇಲೆ ಬೇರೆ ಚಿತ್ರಗಳನ್ನು ಬರೆಯಿಸಿದರು. 1940ರ ದಶಕದಲ್ಲಿ ಮೇಲಿನ ಪದರನ್ನು ತೆಗೆದಾಗ ಹಳೆಯ ಬಣ್ಣ ಹೊರಬಿದ್ದಿತು. ಹಳೆಯದನ್ನು ನೋಡಬೇಕಾದರೆ ನಡುಗಾಲದವರ ಭಕ್ತಿಯನ್ನು ಕೆರೆದು ಹಾಕಬೇಕಾಯಿತು. ಎರಡೂ ಉಳಿಯಲಿಲ್ಲ.

ಇದೇ ಗುಹೆಯನ್ನು 2012ರಲ್ಲಿ ಹಾಂಗ್‌ಕಾಂಗಿನ ಸಿಟಿ ವಿಶ್ವವಿದ್ಯಾಲಯದವರು ಸುತ್ತುಗೋಡೆಯಂತಹ ತೆರೆಯ ಮೇಲೆ ನಿಜಗಾತ್ರದಲ್ಲಿ ಮೂಡಿಸಿದರು. ನೋಡುವವನು ಕತ್ತಲೆಯಲ್ಲಿ ದೀವಟಿಗೆ ಹಿಡಿದಂತೆ ಬೆಳಕನ್ನು ಅತ್ತಿತ್ತ ಸರಿಸಬಹುದು. ಭೂತಗನ್ನಡಿಯಿಂದ ನೋಡಿದಂತೆ ಒಂದು ವಾದ್ಯವನ್ನು ಹತ್ತಿರಕ್ಕೆ ತರಬಹುದು. ಮಾಸಿದ ಬಣ್ಣ ಮೊದಲು ಹೇಗಿದ್ದಿರಬಹುದೆಂಬುದನ್ನೂ ಕಾಣಬಹುದು. ಬೆಳಕನ್ನು ಆರಿಸಿದರೆ ಎಲ್ಲವೂ ಹೋಯಿತು. ಗುಹೆಯ ಗೋಡೆಯ ಮೇಲೆ ಒಂದು ಗೀರೂ ಇಲ್ಲ.

ಯಂತ್ರವನ್ನು ಅತಿಯಾಗಿ ನಂಬುವುದೂ ಸಲ್ಲದು. ಹಿಂದಕ್ಕೆ ತಂದ ಬಣ್ಣ ಪಂಡಿತರ ಊಹೆಯೇ ಹೊರತು ಪ್ರತ್ಯಕ್ಷವಲ್ಲ. ಅದನ್ನು ಊಹೆಯೆಂದೇ ನೋಡುವವನಿಗೆ ತಿಳಿಸಬೇಕು. ಗಣಕಯಂತ್ರದ ತಟ್ಟೆಗಳಂತೂ ಖನಿಜದ ಬಣ್ಣದಷ್ಟು ಬಾಳುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರತಿ ಮಾಡಿಸುತ್ತಿರಬೇಕು, ಲೆಕ್ಕದ ಪುಸ್ತಕಗಳನ್ನು ಹೊಸದಕ್ಕೆ ಇಳಿಸಿಕೊಳ್ಳುವಂತೆ.

ಮೂಡುಬಿದಿರೆಯ ಧವಲಾದಿ ಗ್ರಂಥಗಳ ತಾಡವೋಲೆಯ ಚಿತ್ರಗಳು, ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳು, ತಮಿಳುನಾಡಿನ ಸಿತ್ತನ್ನವಾಸಲಿನ ತಾವರೆಗೊಳ, ಇವೂ ಇಂತಹ ಸಂಪತ್ತೇ. ಸಿತ್ತನ್ನವಾಸಲಿನಲ್ಲಿ ಬಹುಭಾಗ ಈಗಾಗಲೇ ಮಾಸಿದೆ. ಸಣ್ಣ ಊರುಗಳ ಬಸದಿಗಳಲ್ಲಿಯೂ ಸುಣ್ಣದ ಪದರುಗಳ ಕೆಳಗೆ ಹಳೆಯ ಬಣ್ಣವಿರಬಾರದೆಂದೇನೂ ಇಲ್ಲ. ಜೀರ್ಣೋದ್ಧಾರವೆಂದರೆ ಹೊಳೆಯುವ ಎಣ್ಣೆಬಣ್ಣ ಬಳಿಯುವುದೆಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ದಾನಿಗಳ ಉತ್ಸಾಹವೂ ಮುಹೂರ್ತದ ಅವಸರವೂ ಅದಕ್ಕೆ ಕೂಡುತ್ತವೆ. ಕುಂಚ ಹಿಡಿಯುವ ಮೊದಲು ಗೋಡೆಯನ್ನು ಬಲ್ಲವರಿಗೆ ತೋರಿಸಿ, ಪಕ್ಕದಲ್ಲಿ ಬಣ್ಣದ ಅಳತೆಪಟ್ಟಿಯನ್ನಿರಿಸಿ, ಮೂಲೆಮೂಲೆಯ ಛಾಯಾಚಿತ್ರಗಳನ್ನು ತೆಗೆಸಿ, ಅವುಗಳ ಒಂದು ಪ್ರತಿಯನ್ನು ಬಸದಿಯಲ್ಲಿಯೂ ಮತ್ತೊಂದನ್ನು ಬೇರೆ ಊರಿನಲ್ಲಿಯೂ ಇರಿಸುವುದನ್ನು ಪ್ರತಿ ಜೀರ್ಣೋದ್ಧಾರ ಸಮಿತಿಯೂ ತನ್ನ ಮೊದಲ ಸಭೆಯಲ್ಲಿಯೇ ನಿರ್ಣಯವಾಗಿ ಬರೆದುಕೊಳ್ಳಬಹುದು.