ಮಂಜಿನ ದಾರಿಗೆ ಎಲ್‌ಇಡಿ ದೀಪ



ಮುಂಗಾರು ಹಿಡಿದ ಮೇಲೆ ಚಾರ್ಮಾಡಿ, ಶಿರಾಡಿ, ಆಗುಂಬೆ, ಸಂಪಾಜೆ ಘಾಟಿಗಳಲ್ಲಿ ರಾತ್ರಿ ಕಾರು ಓಡಿಸಿದವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ಮಂಜು ಕವಿದು ದಾರಿ ಕಾಣದಾದಾಗ ಕೈ ತಾನಾಗಿ ಹೈಬೀಮಿನ ಕಡೆಗೆ ಹೋಗುತ್ತದೆ. ಬೆಳಕು ಜೋರಾದ ಕೂಡಲೇ ಅಷ್ಟಿಷ್ಟು ಕಾಣುತ್ತಿದ್ದ ದಾರಿಯೂ ಮಾಯವಾಗಿ, ಗಾಜಿನ ಮುಂದೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಬೆಳಕು ಹೆಚ್ಚಾದರೆ ಕಾಣುವುದು ಕಡಿಮೆಯಾಗುವುದೇಕೆ? ಕಾರಿನ ಫಾಗ್ ಲ್ಯಾಂಪಿಗೆ ಎಲ್‌ಇಡಿ ಹಾಕಬೇಕೆಂದಿರುವವರು ಮೊದಲು ಈ ಪ್ರಶ್ನೆಗೆ ಉತ್ತರ ತಿಳಿದುಕೊಳ್ಳಬೇಕು. ಬಲ್ಬ್ ಬದಲಿಸುವ ಕೆಲಸ ಕಷ್ಟದ್ದಲ್ಲ, ಮನೆಯಂಗಳದಲ್ಲೇ ಆಗುತ್ತದೆ. ಆದರೆ ತಪ್ಪಾಗಿ ಹಾಕಿದರೆ ನಮಗೂ ದಾರಿ ಕಾಣುವುದಿಲ್ಲ, ಎದುರಿನಿಂದ ಬರುವವರಿಗೂ ಕಣ್ಣು ಕತ್ತಲೆ ಬರುತ್ತದೆ.

ಮಂಜೆಂದರೆ ನೆಲದ ಮಟ್ಟದಲ್ಲಿ ತೇಲುವ ನೀರಿನ ಸಣ್ಣ ಸಣ್ಣ ಹನಿಗಳು. ಮಲೆನಾಡಿನ ಘಾಟಿಗಳಲ್ಲಿ ಮಳೆಗಾಲದಲ್ಲಿ ಕಾಣುವುದು ಬಹುಪಾಲು ಬೆಟ್ಟಕ್ಕೆ ತಾಗಿದ ಮೋಡವೇ. ಅರಬ್ಬಿ ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟ ಹತ್ತುತ್ತಾ ತಣಿದು ಹನಿಗಟ್ಟುತ್ತದೆ. ಬೆಂಗಳೂರಿನ ಸುತ್ತಮುತ್ತ ಡಿಸೆಂಬರ್, ಜನವರಿಯ ಬೆಳಗಿನ ಜಾವ ಕವಿಯುವ ಮಂಜು ಹುಟ್ಟುವ ಬಗೆ ಬೇರೆ. ರಾತ್ರಿಯೆಲ್ಲ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯ ತೇವ ಹನಿಯಾಗುತ್ತದೆ. ಹುಟ್ಟು ಯಾವುದೇ ಇರಲಿ, ಹನಿಯ ಗಾತ್ರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ನಮಗೆ ಇದು ತೀರಾ ಚಿಕ್ಕದು, ಬೆಳಕಿಗೆ ಮಾತ್ರ ದೊಡ್ಡದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದಕ್ಕಿಂತ ಈ ಹನಿ ಸುಮಾರು ಇಪ್ಪತ್ತು ಪಟ್ಟು ದೊಡ್ಡದು.

ಈ ಲೆಕ್ಕದಿಂದ ಒಂದು ಹಳೆಯ ನಂಬಿಕೆಯನ್ನು ಪರೀಕ್ಷಿಸಬಹುದು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಆಕಾಶ ನೀಲಿಯಾಗಿ ಕಾಣುವುದು ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ, ನಿಜ. ಆದರೆ ಆ ಅಣುಗಳು ಬೆಳಕಿನ ಅಲೆಗಿಂತ ಎಷ್ಟೋ ಚಿಕ್ಕವು. ಮಂಜಿನ ಹನಿ ದೊಡ್ಡದಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೂ ಇದೇ ಕಾರಣಕ್ಕೆ. ಹಾಗಾಗಿ ಹಳದಿಗೆ ಮಂಜನ್ನು ಸೀಳುವ ವಿಶೇಷ ಶಕ್ತಿ ಇಲ್ಲ. ಅದರ ಗುಣ ಇರುವುದು ನಮ್ಮ ಕಣ್ಣಿಗೆ ಸಂಬಂಧಿಸಿದಂತೆ. ನೀಲಿ ಬೆರೆತ ಬೆಳಕು ಕಣ್ಣನ್ನು ಹೆಚ್ಚು ಕುಕ್ಕುತ್ತದೆ. ನೀಲಿಯನ್ನು ಸೋಸಿ ತೆಗೆದರೆ ಕಣ್ಣಿಗೆ ಹಿತ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಕಾರಿನ ಹೆಡ್‌ಲೈಟೇ ಹಳದಿಯಾಗಿರಬೇಕೆಂಬ ನಿಯಮವಿತ್ತು. ಇಂದು ಫಾಗ್ ಲ್ಯಾಂಪ್ ಬಿಳಿಯಾಗಿರಬಹುದು, ಹಳದಿಯಾಗಿರಬಹುದು. ಬಿಳಿಯನ್ನು ಆರಿಸಿಕೊಂಡರೆ ನೀಲಿಛಾಯೆಯ ಬಿಳಿ ಮಾತ್ರ ಬೇಡ.

ಹಾಗಾದರೆ ಫಾಗ್ ಲ್ಯಾಂಪ್ ಮಂಜಿನಲ್ಲಿ ನೆರವಾಗುವುದು ಹೇಗೆ? ಅದು ಇರುವ ಜಾಗದಿಂದ, ಬೆಳಕು ಚೆಲ್ಲುವ ಬಗೆಯಿಂದ. ಹೆಡ್‌ಲೈಟಿನ ಬೆಳಕು, ಅದರಲ್ಲೂ ಹೈಬೀಮಿನ ಬೆಳಕು, ನಮ್ಮ ದೃಷ್ಟಿ ಹಾಯುವ ದಾರಿಯಲ್ಲೇ ಮುಂದಕ್ಕೆ ಹೋಗುತ್ತದೆ. ಆ ದಾರಿಯಲ್ಲಿರುವ ಕೋಟಿ ಕೋಟಿ ಹನಿಗಳೂ ಬೆಳಗಿ, ಒಂದಷ್ಟು ಬೆಳಕನ್ನು ನಮ್ಮ ಕಣ್ಣಿಗೇ ವಾಪಸು ಕಳಿಸುತ್ತವೆ. ಕಣ್ಣಿಗೂ ರಸ್ತೆಗೂ ನಡುವೆ ಬಿಳುಪು ತುಂಬಿಕೊಳ್ಳುತ್ತದೆ. ಫಾಗ್ ಲ್ಯಾಂಪ್ ಕೂರುವುದು ಬಂಪರಿನಲ್ಲಿ, ನೆಲಕ್ಕೆ ಹತ್ತಿರ. ಅದರ ಬೆಳಕು ಅಗಲವಾಗಿ ಎಡಕ್ಕೂ ಬಲಕ್ಕೂ ಹರಡುತ್ತದೆ. ಮೇಲ್ಗಡೆ ಮಾತ್ರ ಒಂದು ಅಡ್ಡಗೆರೆಗೆ ಕತ್ತರಿಸಿದಂತೆ ನಿಲ್ಲುತ್ತದೆ. ಗ್ಯಾರೇಜಿನವರು ಇದಕ್ಕೆ ಕಟ್‌ಆಫ್ ಎನ್ನುತ್ತಾರೆ. ಬೆಳಕು ಆ ಗೆರೆಯ ಕೆಳಗೇ ಉಳಿಯುವುದರಿಂದ ಕಣ್ಣಿನ ಮಟ್ಟದ ಮಂಜು ಕತ್ತಲಲ್ಲೇ ಇರುತ್ತದೆ. ಆ ಕತ್ತಲೆಯ ಮೂಲಕ ನೋಡಿದಾಗ ಕೆಳಗೆ ಬೆಳಗಿದ ರಸ್ತೆಯ ಅಂಚು, ಬಿಳಿ ಪಟ್ಟೆ, ತಿರುವಿನ ತಡೆಗೋಡೆ ಕಾಣುತ್ತವೆ. ಫಾಗ್ ಲ್ಯಾಂಪಿನ ಜೀವಾಳ ಈ ಅಡ್ಡಗೆರೆ. ಎಲ್‌ಇಡಿ ಹಾಕುವಾಗ ಉಳಿಸಿಕೊಳ್ಳಬೇಕಾದದ್ದೂ ಇದನ್ನೇ.

ಈಗ ದೀಪದ ಒಳಗನ್ನು ನೋಡೋಣ. ಹಳೆಯ ಫಾಗ್ ಲ್ಯಾಂಪಿನಲ್ಲಿ ಹ್ಯಾಲೊಜನ್ ಬಲ್ಬ್ ಇರುತ್ತದೆ. ಅದರ ಟಂಗ್‌ಸ್ಟನ್ ತಂತಿ ಕೆಲವೇ ಮಿಲಿಮೀಟರ್ ಉದ್ದ. ಹಿಂದಿರುವ ಕನ್ನಡಿಯಂಥ ಬಟ್ಟಲನ್ನು, ಆ ತಂತಿ ಇಂಥ ಬಿಂದುವಿನಲ್ಲೇ ಇರುತ್ತದೆ ಎಂದು ಲೆಕ್ಕ ಹಾಕಿ ರೂಪಿಸಿರುತ್ತಾರೆ. ತಂತಿ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಅಡ್ಡಗೆರೆ ಕೆಡುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ತಂತಿ ಇಲ್ಲ. ತೆಳ್ಳನೆಯ ಲೋಹದ ಹಲಗೆಯ ಎರಡು ಮಗ್ಗುಲಲ್ಲಿ ಚಿಪ್ಪುಗಳು ಕೂತಿರುತ್ತವೆ. ಚಿಪ್ಪು ಹೊಮ್ಮಿಸುವುದು ನೀಲಿ ಬೆಳಕು. ಮೇಲೆ ಬಳಿದ ಫಾಸ್ಫರ್ ಲೇಪ ಅದರಲ್ಲೊಂದು ಭಾಗವನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿಯಾಗುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಹಲಗೆ ದಪ್ಪವಾಗಿದ್ದರೆ ಎರಡು ಬದಿಯ ಚಿಪ್ಪುಗಳ ನಡುವೆ ಅಂತರ ಬೀಳುತ್ತದೆ, ಯಾವುದೂ ತಂತಿ ಇದ್ದ ಬಿಂದುವಿನಲ್ಲಿ ಇರುವುದಿಲ್ಲ. ಆಗ ಬೆಳಕು ಗೆರೆಯ ಮೇಲಕ್ಕೆ ಚೆಲ್ಲುತ್ತದೆ. ಒಳ್ಳೆಯ ಮಂಜುದೀಪ ಹೋಗಿ ಒಂದು ಪುಟ್ಟ ಹೈಬೀಮ್ ಉಳಿಯುತ್ತದೆ.

ಕೊಳ್ಳುವಾಗ ಏನು ನೋಡಬೇಕು? ಮೊದಲ ಆಯ್ಕೆ ಕಾರು ಕಂಪನಿಯದ್ದೇ ಎಲ್‌ಇಡಿ ಜೋಡಿ. ನಿಮ್ಮದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಎಲ್‌ಇಡಿ ಫಾಗ್ ಲ್ಯಾಂಪ್ ಕೊಟ್ಟಿದ್ದರೆ, ಅದನ್ನು ಡೀಲರ್ ಮೂಲಕ ತರಿಸಬಹುದು. ಅದರ ಬಟ್ಟಲು, ಗಾಜು, ಚಿಪ್ಪು ಎಲ್ಲವೂ ಒಂದಕ್ಕೊಂದು ಹೊಂದುವಂತೆ ತಯಾರಾಗಿರುತ್ತವೆ. ಬಲ್ಬ್ ಮಾತ್ರ ಬದಲಿಸುವುದಾದರೆ ಅದರ ಬುಡದ ಗುರುತನ್ನು ನೋಡಿ. ಎಚ್8, ಎಚ್11, ಎಚ್16 ಎಂದೋ ಮತ್ತೊಂದೋ ಬರೆದಿರುತ್ತದೆ. ಹಲಗೆ ಆದಷ್ಟು ತೆಳ್ಳಗಿರಲಿ, ಚಿಪ್ಪುಗಳ ಉದ್ದ ಹಳೆಯ ತಂತಿಯ ಉದ್ದಕ್ಕೆ ಹತ್ತಿರವಿರಲಿ. ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಅಂಕಿಗಳಿಗೆ ಮರುಳಾಗಬೇಡಿ. 55 ವಾಟಿನ ಎಚ್11 ಹ್ಯಾಲೊಜನ್ ಕೊಡುವುದು ಸುಮಾರು 1,350 ಲ್ಯೂಮೆನ್. ಒಳ್ಳೆಯ ಎಲ್‌ಇಡಿ ವಾಟಿಗೆ ನೂರು, ನೂರೈವತ್ತು ಲ್ಯೂಮೆನ್ ಕೊಟ್ಟೀತು. ಹೀಗಿರುವಾಗ 25 ವಾಟಿನ ಬಲ್ಬು ಇಪ್ಪತ್ತು ಸಾವಿರ ಲ್ಯೂಮೆನ್ ಕೊಡುತ್ತದೆಂದು ಬರೆದಿದ್ದರೆ ಅದು ಸುಳ್ಳು. ಬಣ್ಣದ ಅಂಕಿಯನ್ನೂ ಗಮನಿಸಿ. ಹ್ಯಾಲೊಜನ್ ಬೆಳಕು ಸುಮಾರು 3,200 ಕೆಲ್ವಿನ್. 6,500 ದಾಟಿದ್ದು ನೀಲಿಗೆ ತಿರುಗಿರುತ್ತದೆ.

ಹೊಸದನ್ನು ತರುವ ಮುಂಚೆ ಹಳೆಯದನ್ನೂ ಒಮ್ಮೆ ಪರೀಕ್ಷಿಸಿ. ಹೊರಗಾಜು ಮಬ್ಬಾಗಿದ್ದರೆ, ಅರ್ತ್ ತಂತಿಯ ತುದಿ ತುಕ್ಕು ಹಿಡಿದಿದ್ದರೆ ಎಂಥ ಬಲ್ಬೂ ಮಂಕಾಗಿಯೇ ಉರಿಯುತ್ತದೆ. ಗಾಜು ಉಜ್ಜಿ, ತುಕ್ಕು ಕೆರೆದರೆ ಸಾಕಾಗುವ ಕಾರುಗಳು ಬಹಳ ಇವೆ.

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಹಳೆಯ ಬಲ್ಬ್ ತೆಗೆಯುವ ಮುನ್ನ, ಮುಸ್ಸಂಜೆ ಕಳೆದ ಮೇಲೆ, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಯಿಂದ 5 ಮೀಟರ್ ದೂರಕ್ಕೆ ನೇರವಾಗಿ ನಿಲ್ಲಿಸಿ. ಟೈರಿನ ಗಾಳಿ ಸರಿಯಾಗಿರಲಿ. ಹೆಡ್‌ಲೈಟಿನ ಬೆಳಕನ್ನು ರಟ್ಟಿನಿಂದ ಮರೆಮಾಡಿ, ಫಾಗ್ ಲ್ಯಾಂಪ್ ಮಾತ್ರ ಗೋಡೆಗೆ ಬೀಳುವಂತೆ ಮಾಡಿ. ಬೆಳಕಿನ ಮೇಲಂಚು ಎಲ್ಲಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಆ ಗೆರೆ ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಅಂದರೆ ದೀಪದ ನಡು ನೆಲದಿಂದ 40 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಗೋಡೆಯ ಮೇಲಿನ ಗೆರೆ 30ರಲ್ಲಿ.

ಆಮೇಲೆ ಎಂಜಿನ್ ನಿಲ್ಲಿಸಿ, ಬಲ್ಬ್ ತಣಿಯಲು ಬಿಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಕೆಲವು ಕಾರುಗಳಲ್ಲಿ ಬಂಪರಿನ ಕೆಳಗಿನಿಂದ ಕೈ ತೂರುತ್ತದೆ. ಇನ್ನು ಕೆಲವಲ್ಲಿ ಚಕ್ರದ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚಬೇಕು. ಬಲಗಡೆಯ ದೀಪಕ್ಕೆ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಎಡಗಡೆಯದಕ್ಕೆ ಬಲಕ್ಕೆ ತಿರುಗಿಸಿಟ್ಟರೆ ಕೈಯಾಡಿಸಲು ಜಾಗ ಸಿಗುತ್ತದೆ. ಬರೀ ಜಾಕ್ ಕೊಟ್ಟು ಎತ್ತಿದ ಕಾರಿನಡಿಗೆ ಯಾವ ಕಾರಣಕ್ಕೂ ತೂರಬೇಡಿ. ಪ್ಲಗ್ಗಿನ ಕೊಂಡಿ ಒತ್ತಿ ಬಿಡಿಸಿ, ಬಲ್ಬನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ. ಹೊಸ ಬಲ್ಬಿನ ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ನೋಡಿ. ಅದು ಸಡಿಲವಾದರೆ ಮೊದಲ ಮಳೆಗೇ ನೀರು ಒಳಸೇರುತ್ತದೆ. ಚಿಪ್ಪುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಮುಖ ಮಾಡಿರಬೇಕು, ಮೇಲೆ ಕೆಳಗೆ ಅಲ್ಲ. ಬಲ್ಬಿನ ಹಿಂಬದಿಯ ಫ್ಯಾನಿಗೋ ಲೋಹದ ರೆಕ್ಕೆಗಳಿಗೋ ಗಾಳಿಯಾಡಲು ಜಾಗ ಬಿಡಿ. ಎಲ್‌ಇಡಿಯ ಬೆಳಕು ತಂಪು, ಆದರೆ ಚಿಪ್ಪಿನ ಬುಡ ಕಾಯುತ್ತದೆ. ಆ ಕಾವು ಹೊರಹೋಗದಿದ್ದರೆ ಬಲ್ಬ್ ಬೇಗ ಮಂಕಾಗುತ್ತದೆ.

ಬ್ಯಾಟರಿಯ ತಂತಿಯನ್ನು ಮತ್ತೆ ಜೋಡಿಸಿ ಸ್ವಿಚ್ ಹಾಕಿದಾಗ ದೀಪ ಹತ್ತದಿದ್ದರೆ ಗಾಬರಿ ಬೇಡ. ಎಲ್‌ಇಡಿಯಲ್ಲಿ ವಿದ್ಯುತ್ ಹರಿಯುವುದು ಒಂದೇ ದಿಕ್ಕಿಗೆ. ಹೊಸ ಬಲ್ಬಿನ ಪ್ಲಗ್ಗನ್ನು ತಿರುಗಿಸಿ ಹಾಕುವಂತಿದ್ದರೆ ಹಾಗೆ ಮಾಡಿ ನೋಡಿ. ಮಿಣುಕಿದರೆ, ಡ್ಯಾಶ್‌ಬೋರ್ಡಿನಲ್ಲಿ ಬಲ್ಬ್ ಸುಟ್ಟಿದೆ ಎಂದು ತೋರಿಸಿದರೆ, ಕಾರಿನ ಕಂಪ್ಯೂಟರ್ ಹಳೆಯ ಲೆಕ್ಕದಲ್ಲೇ ಇದೆ ಎಂದರ್ಥ. 55 ವಾಟಿನ ಬಲ್ಬ್ ನಾಲ್ಕೂವರೆ ಆಂಪಿಯರ್ ಎಳೆಯುತ್ತಿತ್ತು, 25 ವಾಟಿನದು ಎರಡೇ ಆಂಪಿಯರ್ ಎಳೆಯುತ್ತದೆ. ಇದಕ್ಕೆ ಅಂಗಡಿಯಲ್ಲಿ ರೆಸಿಸ್ಟರ್ ಕೊಡುತ್ತಾರೆ. ಅದು ವಿಪರೀತ ಕಾಯುವ ವಸ್ತು. ಪ್ಲಾಸ್ಟಿಕ್ಕಿಗೆ ತಾಗದಂತೆ ಲೋಹದ ಮೇಲೆ ಬಿಗಿಯಬೇಕು. ಕಾರಿನ ಮೂಲ ತಂತಿಯನ್ನು ಕತ್ತರಿಸಬೇಡಿ, ಹೆಚ್ಚಿನ ಆಂಪಿಯರಿನ ಫ್ಯೂಸ್ ಹಾಕಲೇಬೇಡಿ.

ಇನ್ನೊಂದು ಪರೀಕ್ಷೆ ಬಾನುಲಿ ಕೇಳುವವರಿಗೆ ತೀರಾ ಸುಲಭ. ಕಾರಿನ ರೇಡಿಯೋದಲ್ಲಿ ಮೀಡಿಯಂ ವೇವ್ ಇದ್ದರೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಚ್ಚಿ, ಇಲ್ಲದಿದ್ದರೆ ದೂರದ ಯಾವುದಾದರೂ ಎಫ್‌ಎಂ ಹಿಡಿಯಿರಿ. ಫಾಗ್ ಲ್ಯಾಂಪ್ ಹಾಕಿ ಆರಿಸಿ ನೋಡಿ. ದೀಪ ಹತ್ತಿದಾಗ ಮಾತ್ರ ಗರಗರ ಸದ್ದು ಬಂದರೆ, ಬಲ್ಬಿನೊಳಗಿನ ಡ್ರೈವರ್ ಸರ್ಕಿಟ್ ವಿದ್ಯುತ್ ಗದ್ದಲ ಹೊರಚೆಲ್ಲುತ್ತಿದೆ ಎಂದರ್ಥ. ಅಂಥದ್ದನ್ನು ಹಿಂದಿರುಗಿಸಿ.

ಕೊನೆಯ ತೀರ್ಪು ಗೋಡೆಯದ್ದು. ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ ಹೊಸ ಬೆಳಕಿನ ಅಂಚನ್ನು ಸೀಮೆಸುಣ್ಣದ ಗೆರೆಯೊಂದಿಗೆ ಹೋಲಿಸಿ. ಅಂಚು ಮೇಲೆ ಕೆಳಗಾಗಿದ್ದರೆ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದು. ಅಂಚೇ ಇಲ್ಲದೆ ಬೆಳಕು ಮೇಲಕ್ಕೆ ಹರಡಿದ್ದರೆ ಯಾವ ಸ್ಕ್ರೂವಿನಿಂದಲೂ ಸರಿಹೋಗದು. ಆ ಬಲ್ಬ್ ನಿಮ್ಮ ದೀಪಕ್ಕೆ ಹೊಂದುವುದಿಲ್ಲ. ಮನೆಯವರೊಬ್ಬರನ್ನು ಇಪ್ಪತ್ತೈದು ಮೀಟರ್ ಮುಂದೆ, ಕಾರಿನ ಸೀಟಿನಷ್ಟು ಎತ್ತರದ ಕುರ್ಚಿಯಲ್ಲಿ ಕೂರಿಸಿ ಕೇಳಿ. ಕಣ್ಣು ಕುಕ್ಕುತ್ತದೆ ಎಂದರೆ ಘಾಟಿಯಲ್ಲಿ ಎದುರಾಗುವ ಬಸ್ಸಿನ ಡ್ರೈವರಿಗೂ, ಬೈಕಿನವರಿಗೂ ಕುಕ್ಕುತ್ತದೆ.

ಕಾನೂನೂ ಇದನ್ನು ಹಗುರವಾಗಿ ನೋಡುವುದಿಲ್ಲ. ಕಂಪನಿ ನಮೂದಿಸಿದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕದ ಪೊಲೀಸರು 2024ರ ಜುಲೈನಿಂದ ಪ್ರಕರಣ ದಾಖಲಿಸತೊಡಗಿದರು. ಕಂಪನಿಯ ಜೋಡಿಯನ್ನೇ ಮೊದಲ ಆಯ್ಕೆ ಎಂದದ್ದಕ್ಕೆ ಇದೂ ಒಂದು ಕಾರಣ.

ಎಲ್ಲ ಸರಿಯಾಗಿ ಕೂತಿತು ಎನ್ನೋಣ. ಆಗಲೂ ಒಂದು ಲೆಕ್ಕ ತಲೆಯಲ್ಲಿರಲಿ. ದಟ್ಟ ಮಂಜಿನಲ್ಲಿ ಒಳ್ಳೆಯ ಫಾಗ್ ಲ್ಯಾಂಪ್ ಇದ್ದರೂ ಕಾಣುವುದು ಇಪ್ಪತ್ತು, ಮೂವತ್ತು ಮೀಟರ್. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರ ಎರಡೂ ಸೇರಿದರೆ ಮೂವತ್ತು ಮೀಟರಿಗೆ ಬಂತು. 60ರ ವೇಗದಲ್ಲಿ ಅದು ಐವತ್ತನ್ನು ದಾಟುತ್ತದೆ. ಹೊಸ ದೀಪ ಹಾಕಿದ ಹುಮ್ಮಸ್ಸಿನಲ್ಲಿ ವೇಗ ಏರಿಸಿದರೆ, ದೀಪ ತೋರಿಸುವ ಹೊತ್ತಿಗೆ ನಿಲ್ಲಿಸುವ ದೂರ ಮುಗಿದಿರುತ್ತದೆ. ಹಾಗಾಗಿ ಮಂಜು ಬಂದಾಗ ವೇಗ ಇಳಿಸಿ, ಹೆಡ್‌ಲೈಟನ್ನು ಲೋಬೀಮಿನಲ್ಲಿಟ್ಟು ಫಾಗ್ ಲ್ಯಾಂಪ್ ಹಾಕಿ. ಮಂಜು ತಿಳಿಯಾದ ಕೂಡಲೇ ಆರಿಸಿ, ಏಕೆಂದರೆ ಒದ್ದೆ ಟಾರು ಆ ಬೆಳಕನ್ನು ಎದುರಿನವರ ಕಣ್ಣಿಗೆ ಪ್ರತಿಫಲಿಸುತ್ತದೆ. ಕಾರಿನ ದೀಪಕ್ಕೆ ಖರ್ಚು ಮಾಡುವ ಹಣ ನಮಗೆ ದಾರಿ ತೋರಿಸಲಿ, ಇನ್ನೊಬ್ಬರ ದಾರಿಯನ್ನು ಮರೆಮಾಡದಿರಲಿ. ಗೋಡೆಯ ಪರೀಕ್ಷೆಯಲ್ಲಿ ಸೋತ ಬಲ್ಬ್ ಎಷ್ಟೇ ದುಬಾರಿಯದಾಗಿರಲಿ, ಅದನ್ನು ತೆಗೆದಿಟ್ಟು ಹಳೆಯ ಹ್ಯಾಲೊಜನ್ನನ್ನೇ ಮತ್ತೆ ಹಾಕಿಕೊಳ್ಳಿ.